ವಿಂಡೋ ಹ್ಯಾಂಗ್ ಆಗದಿರಲು: ಟೈಮರಾ, ಥ್ರೆಡ್ಡಾ, ಪ್ರೋಸೆಸ್ಸಾ?

ಬಟನ್ ಒತ್ತಿದ ಮೇಲೆ ವಿಂಡೋ ಯಾಕೆ ಅಲ್ಲಾಡದೆ ನಿಲ್ಲುತ್ತದೆ? ಕ್ಲಿಕ್ ಗಮನಿಸಬೇಕಾದ ಮೇನ್ ಥ್ರೆಡ್ಡೇ (ಪ್ರೋಗ್ರಾಂ ಒಳಗೆ ಕೆಲಸ ಸಾಗುವ ಮುಖ್ಯ ಎಳೆ) ಲೆಕ್ಕದಲ್ಲಿ ಮುಳುಗಿರುತ್ತದೆ, ಅಷ್ಟೇ.

ಕೆಲಸವನ್ನು ತುಂಡು ಮಾಡಿ ಟೈಮರ್‌ನಿಂದ ನಡೆಸುವುದು ಸುಲಭ. ಎರಡು ಥ್ರೆಡ್ ಒಟ್ಟಿಗೆ ಒಂದೇ ಡೇಟಾ ಮುಟ್ಟದಂತೆ ತಡೆಯುವ ಲಾಕ್‌ಗಳ ತಲೆನೋವಿಲ್ಲ. ಆದರೆ 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ತುಂಡು ಅದಕ್ಕಿಂತ ಚಿಕ್ಕದಿರಬೇಕು. ಲೈಬ್ರರಿಯ ಒಂದೇ ಫಂಕ್ಷನ್ ಹತ್ತು ಸೆಕೆಂಡ್ ತಿಂದರೆ? ತುಂಡು ಮಾಡೋದು ಎಲ್ಲಿ?

ಆಗ ವರ್ಕರ್ ಥ್ರೆಡ್, ಅಂದರೆ ಲೆಕ್ಕಕ್ಕೆಂದೇ ಬೇರೊಂದು ಎಳೆ. ನನ್ನ ಮೊದಲ ಆಯ್ಕೆ ಇದೇ. ವಿಂಡೋ ಕಟ್ಟುವ ಲೈಬ್ರರಿ ಕ್ಯೂಟಿಯಲ್ಲಾದರೆ (Qt) ಈ ಥ್ರೆಡ್‌ನಿಂದ ನೇರವಾಗಿ ವಿಜೆಟ್ (ಬಟನ್, ಲೇಬಲ್‌ನಂಥ ಭಾಗ) ಮುಟ್ಟಬೇಡಿ, ಮೇನ್ ಥ್ರೆಡ್‌ಗೆ ಸಿಗ್ನಲ್ ಕಳಿಸಿ. ಸುಮ್ನೆ ಒಂದು ಲೇಬಲ್ ಬದಲಿಸಲು ಹೋಗಿ ನನ್ನ ಪ್ರೋಗ್ರಾಂ ಆಗಾಗ ಕ್ರ್ಯಾಶ್ ಆಗುತ್ತಿತ್ತು. ‘ರದ್ದು’ ಬಟನ್‌ಗೆ ಒಂದು ಫ್ಲ್ಯಾಗ್ ಇಡಿ. ಲೂಪ್ ಅದನ್ನು ನೋಡುತ್ತಿರಲಿ.

ಪೈಥಾನ್‌ನಲ್ಲೇ ಬರೆದ ಲೆಕ್ಕ ಜಾಸ್ತಿ ಇದ್ದರೆ ಜಿಐಎಲ್ (ಸಾಮಾನ್ಯ ಪೈಥಾನ್‌ನಲ್ಲಿ ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ನಡೆಸಲು ಬಿಡುವ ಲಾಕ್) ಅಡ್ಡ ಬರುತ್ತದೆ. ಅಲ್ಲಿ ಬೇರೆ ಪ್ರೋಸೆಸ್ (ಪ್ರತ್ಯೇಕವಾಗಿ ಓಡುವ ಇನ್ನೊಂದು ಪ್ರೋಗ್ರಾಂ) ವಾಸಿ, ಡೇಟಾ ನಕಲಿನ ಖರ್ಚಿದ್ದರೂ.