ಬಿದಿರುಮೆಳೆಯ ನಡುಗಡ್ಡೆಯಲ್ಲಿ ಒಂದು 8×42 ದುರ್ಬೀನು

ತುಲಾ ಸಂಕ್ರಮಣ ಕಳೆದ ಮರುವಾರ, ಹೊಸದಾಗಿ ಕೊಂಡ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನ) ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮಕ್ಕೆ ಮೂರು ದಿನ ಹೋಗಿಬಂದೆ. ಅಂಗಡಿಯವರು, “ಹಕ್ಕಿ ನೋಡುವುದಕ್ಕೆ ಹತ್ತು ಪಟ್ಟಿನದೇ ಬೇಕು ಸಾರ್, ಎಂಟರಲ್ಲಿ ಏನು ಕಾಣುತ್ತದೆ?” ಎಂದು 10×42 ಅನ್ನೇ ಮುಂದಿಟ್ಟಿದ್ದರು. ಅವರ ಮಾತು ಕೇಳದೆ ಒಳ್ಳೆಯದೇ ಮಾಡಿದೆ ಎಂಬುದು ಈ ನಡುಗಡ್ಡೆಯಲ್ಲಿ ಖಾತ್ರಿಯಾಯಿತು.

ಕಾವೇರಿ ಸುತ್ತುವರಿದ ಈ 64 ಎಕರೆಯಲ್ಲಿ ಬಿದಿರೇ ಹೆಚ್ಚು. ಮೆಳೆಯೊಳಗೆ ಹೊತ್ತೇರಿದ ಮೇಲೂ ಬೆಳಕು ಮಂಕಾಗಿಯೇ ಇರುತ್ತದೆ. 42ನ್ನು ಎಂಟರಿಂದ ಭಾಗಿಸಿದರೆ ಕಣ್ಣಿಗೆ ಒದಗುವ ಬೆಳಕಿನ ವೃತ್ತದ ಅಗಲ 5.25 ಮಿ.ಮೀ., ಹತ್ತರಿಂದ ಭಾಗಿಸಿದರೆ 4.2 ಮಿ.ಮೀ. ಮಾತ್ರ. ಸಾಲದ್ದಕ್ಕೆ ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. (ತೂಗುಸೇತುವೆಯ ಮೇಲೆ ನಿಂತು ನೋಡಲು ಹೋಗಬೇಡಿ, ಅಲ್ಲಿ ಯಾವ ದುರ್ಬೀನೂ ನಿಲ್ಲದು.)

ನಿಜವಾದ ಪರೀಕ್ಷೆ ಎದುರಾದದ್ದು ವಲಸೆ ಬಂದ ಉಲಿಯಕ್ಕಿಗಳಿಂದ (ವಾರ್ಬ್ಲರ್). ಕಾಕಸಸ್ ಪರ್ವತಗಳ ಕಡೆ ಮರಿಮಾಡಿ ಚಳಿಗಾಲಕ್ಕೆ ಪಶ್ಚಿಮಘಟ್ಟಕ್ಕೆ ಬರುವ ಗ್ರೀನ್ ವಾರ್ಬ್ಲರಿಗೂ ಅದರ ಹತ್ತಿರದ ಬಂಧುವಾದ ಗ್ರೀನಿಷ್ ವಾರ್ಬ್ಲರಿಗೂ ಇರುವ ವ್ಯತ್ಯಾಸ ಬಹಳ ಸೂಕ್ಷ್ಮ: ಮೊದಲಿನದರ ಹುಬ್ಬು, ಕೊರಳುಗಳಲ್ಲಿ ಹಳದಿಯ ಲೇಪ ಹೆಚ್ಚು, ಗರಿ ಹೊಸದಾಗಿರುವ ಈ ತಿಂಗಳುಗಳಲ್ಲಿ ಅದು ಇನ್ನೂ ಸ್ಪಷ್ಟ. ಬಣ್ಣ ಕೆಡಿಸುವ ಗಾಜಾದರೆ ಎರಡೂ ಒಂದೇ ಆಗಿಬಿಡುತ್ತವೆ. ಮೆಳೆಯ ತುದಿಯಲ್ಲಿ ಒಂದು ಕ್ಷಣವೂ ಸುಮ್ಮನೆ ಕೂರದ ಬೆರಳುದ್ದದ ಆ ಹಕ್ಕಿಯ ಕೊರಳಿನ ಹಳದಿಯನ್ನು ಈ ದುರ್ಬೀನು ಹಳದಿಯಾಗಿಯೇ ತೋರಿಸಿತು. ನೋಟದ ಹರವು ದೊಡ್ಡದಾಗಿದ್ದುದರಿಂದ ಹಾರಿದ ಹಕ್ಕಿಯನ್ನು ಮತ್ತೆ ಹಿಡಿಯುವುದೂ ಸುಲಭವಾಯಿತು. ಹೊಳೆಯಂಚಿನ ಬಂಡೆಯ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯ ವಿಷಯದಲ್ಲಂತೂ ಹೇಳುವುದೇ ಬೇಡ.

ದೂರುಗಳೂ ಇವೆ. ಹತ್ತಿರದಿಂದ ದೂರಕ್ಕೆ ನೋಟ ಹೊಂದಿಸಲು ತಿರುಗಣೆಯನ್ನು ಹೆಚ್ಚುಕಡಿಮೆ ಎರಡು ಸುತ್ತು ತಿರುಗಿಸಬೇಕು. ದೂರದ ಮರದ ತುದಿ ನೋಡುತ್ತಿದ್ದಾಗ ನಾಲ್ಕು ಮಾರು ದೂರದ ತರಗೆಲೆಯಲ್ಲಿ ನವರಂಗವೊಂದು ಕುಪ್ಪಳಿಸಿತು. ರಾತ್ರಿಯೆಲ್ಲ ಹಾರಿ ದಕ್ಷಿಣಕ್ಕೆ ಬರುವ ಆ ಹಕ್ಕಿಗಾಗಿ ವರ್ಷವಿಡೀ ಕಾದಿದ್ದೆ; ತಿರುಗಣೆ ತಿರುಗಿಸಿ ಮುಗಿಸುವಷ್ಟರಲ್ಲಿ ಅಲ್ಲಿ ತರಗೆಲೆ ಮಾತ್ರ ಇತ್ತು. ಒಳಗೆ ನೈಟ್ರೋಜನ್ ತುಂಬಿರುವುದರಿಂದ ಗಾಜಿನ ಒಳಮೈ ಮಂಜಾಗಲಿಲ್ಲವಾದರೂ ಹೊರಮೈಗೆ ಉಸಿರಿನ ಹಬೆ ಕಟ್ಟುವುದು ತಪ್ಪಲಿಲ್ಲ, ಹತ್ತಿಯ ಬಟ್ಟೆ ಜೇಬಿನಲ್ಲಿರಲಿ. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರು ಬಳೆಯನ್ನು ಒಳಕ್ಕೆ ತಿರುಗಿಸಿಕೊಂಡರೆ ಪೂರ್ತಿ ನೋಟ ಸಿಗುತ್ತದೆ. ನಾನು ಕನ್ನಡಕ ಹಾಕುವವನಲ್ಲ, ನನಗೆ ಅದು ಹೊರಗೇ ನಿಲ್ಲಬೇಕು. ಎಡಗಡೆಯದು ಮೂರನೆಯ ದಿನಕ್ಕೇ ಸಡಿಲವಾಗಿ ತಾನಾಗಿ ಒಳಕ್ಕೆ ಕುಸಿಯತೊಡಗಿತು. ಅಂಗಡಿಗೆ ಫೋನ್ ಮಾಡಿದರೆ ಕಂಪನಿಗೆ ಕಳಿಸಬೇಕು, ಒಂದೂವರೆ ತಿಂಗಳಾಗಬಹುದು ಎಂದರು. ಹಕ್ಕಿಗಳು ಬರುತ್ತಿರುವ ಹೊತ್ತಿನಲ್ಲಿ ಅದನ್ನು ಬಿಟ್ಟಿರಲು ಮನಸ್ಸಾಗದೆ ಸದ್ಯಕ್ಕೆ ಕಪ್ಪು ಟೇಪು ಸುತ್ತಿದ್ದೇನೆ.