ಜೀನ್ ರಿಪೋರ್ಟ್ ನಂಬಿ ಮಾತ್ರೆ ಬಿಡಬೇಡಿ

ನಿಮ್ಮ ಜೀನ್‌ಗೆ ಯಾವ ಮಾತ್ರೆ ಒಗ್ಗುತ್ತದೆ ಅಂತ ಹೇಳುತ್ತೇವೆ ಎಂದು ಮನೆಗೇ ಕಿಟ್ ಕಳಿಸಿ ಎಂಜಲು ತರಿಸಿಕೊಳ್ಳುವ ಕಂಪನಿಗಳಿವೆಯಲ್ಲ, ಅವಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ.

ನಮ್ಮ ಅಕ್ಕ ಖಿನ್ನತೆಗೆ ಸರ್ಟ್ರಾಲಿನ್ ತೆಗೆದುಕೊಳ್ಳುತ್ತಿದ್ದಳು, ಚೆನ್ನಾಗಿಯೇ ಇದ್ದಳು. ಯಾರೋ ಹೇಳಿದರು ಅಂತ ಈ ಟೆಸ್ಟ್ ಮಾಡಿಸಿದಳು. ರಿಪೋರ್ಟ್ ತುಂಬಾ ಹಸಿರು, ಹಳದಿ, ಕೆಂಪು. ಅವಳ ಮಾತ್ರೆ ಕೆಂಪಿನಲ್ಲಿತ್ತು. ಕಂಪನಿಯಿಂದ ಫೋನ್ ಮಾಡಿದವರು (ಡಾಕ್ಟರೇನಲ್ಲ) ‘ಇದು ನಿಮ್ಮ ಮೈಗೆ ಆಗಲ್ಲ, ನಿಲ್ಲಿಸಿಬಿಡಿ’ ಅಂದರಂತೆ. ನಿಲ್ಲಿಸಿದಳು. ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಝುಂ, ರಾತ್ರಿಯೆಲ್ಲ ನಿದ್ದೆಯಿಲ್ಲ. ಅದರ ಹಿಂದೆಯೇ ಖಿನ್ನತೆಯೂ ವಾಪಸ್ ಬಂತು.

ಅವಳ ಡಾಕ್ಟರ್ ರಿಪೋರ್ಟ್ ನೋಡಿ ತಲೆ ಚಚ್ಚಿಕೊಂಡರು. ಕೆಲವು ಮಾತ್ರೆಗಳನ್ನು ಮೈಯಲ್ಲಿ ಕರಗಿಸುವ ಕೆಲಸದ ಸಿವೈಪಿ2ಸಿ19 ಅನ್ನುವ ಜೀನ್ ಅವಳಲ್ಲಿ ನಿಧಾನದ ಬಗೆಯದು, ಅಷ್ಟು ನಿಜ. ಹಾಗಿದ್ದರೆ ಸರ್ಟ್ರಾಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯಬಹುದು, ಡೋಸ್ ಕಡಿಮೆ ಇಡಬೇಕಾಗಬಹುದು. ಮಾತ್ರೆಯೇ ಬೇಡ ಅಂತಲ್ಲ. ಅದರಲ್ಲೂ ಅವಳಿಗೆ ಆ ಡೋಸ್ ಒಗ್ಗಿಹೋಗಿತ್ತು! ಬಿಡಲೇಬೇಕಿದ್ದರೂ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ದಿಢೀರ್ ಅಂತ ಅಲ್ಲ. ಇನ್ನೊಂದು ವಿಷಯ, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯೂ ಇದೇ ಜೀನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ. ಬೇರೆ ಏನು ಮಾತ್ರೆ ತಗೊಳ್ತೀರಿ ಅಂತ ಆ ಕಂಪನಿ ಕೇಳಿಯೇ ಇರಲಿಲ್ಲ.

ಜೀನ್ ಟೆಸ್ಟ್ ಎಲ್ಲಾ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮೂರ್ಛೆರೋಗಕ್ಕೆ ಕಾರ್ಬಮಜೆಪಿನ್ ಶುರು ಮಾಡುವ ಮುಂಚೆ ಎಚ್‌ಎಲ್‌ಎ-ಬಿ*15:02 ಅನ್ನುವ ಜೀನ್ ಬಗೆ ಇದೆಯಾ ಅಂತ ನೋಡುವುದರಿಂದ, ಚರ್ಮ ಸುಲಿದು ಪ್ರಾಣಕ್ಕೇ ಬರುವ ರಿಯಾಕ್ಷನ್ ತಪ್ಪಿಸಬಹುದು. ಫ್ಲೋರೋಯುರಾಸಿಲ್ ಅನ್ನುವ ಕ್ಯಾನ್ಸರ್ ಔಷಧಿ ಕೊಡುವ ಮುಂಚೆ ಡಾಕ್ಟರುಗಳು ಡಿಪಿವೈಡಿ ಅನ್ನುವ ಜೀನ್ ನೋಡುವುದೂ ಸುಮ್ನೆ ಅಲ್ಲ. ಅಲ್ಲೆಲ್ಲ ಒಂದು ಔಷಧಿ, ಒಂದು ಪ್ರಶ್ನೆ, ಉತ್ತರ ಓದಲು ಡಾಕ್ಟರ್ ಇರುತ್ತಾರೆ. ರಾಶಿ ಮಾತ್ರೆಗಳಿಗೆ ಒಟ್ಟಿಗೇ ಬಣ್ಣ ಬಳಿದು ಮಾರುವುದು ಬೇರೆ ಕಥೆ. ಇಂಥ ಟೆಸ್ಟ್ ನಂಬಿ ಮಾತ್ರೆ ಬದಲಿಸಬೇಡಿ, ನಿಲ್ಲಿಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು, ಖಿನ್ನತೆಯ ಮಾತ್ರೆಗಳ ಹೆಸರನ್ನೂ ಎತ್ತಿ.

ದುಡ್ಡು ವಾಪಸ್ ಕೇಳಿದರೆ, ರಿಪೋರ್ಟ್ ‘ಮಾಹಿತಿಗಾಗಿ ಮಾತ್ರ’ ಅಂತ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ ನೋಡಿ ಅಂದರು. ಎಂಜಲಿನ ಸ್ಯಾಂಪಲ್ಲು, ಜೀನ್ ಡೇಟಾ ಅಳಿಸಿ ಅಂತ ಬರೆದದ್ದಕ್ಕೆ ಇನ್ನೂ ಉತ್ತರವಿಲ್ಲ. ಕಿಟ್ ಜೊತೆ ಬಂದ ಒಪ್ಪಿಗೆ ಪತ್ರದಲ್ಲಿ ‘ಸಂಶೋಧನಾ ಪಾಲುದಾರರಿಗೆ ಕೊಡಬಹುದು’ ಅನ್ನುವ ಸಾಲಿಗೆ ಮೊದಲೇ ಟಿಕ್ ಹಾಕಿತ್ತು. ನಿಮ್ಮದರಲ್ಲೂ ಇದೆಯಾ ನೋಡಿಕೊಳ್ಳಿ.