ಗಿಳಿಗಳ ‘ಮಿಶ್ರ ಬೀಜ’ದ ಪೊಟ್ಟಣ: ಕಾಕಟೀಲ್ ಸಾಕುವವರ ಗಮನಕ್ಕೆ

ನಮ್ಮ ಮನೆಯ ಎರಡು ಕಾಕಟೀಲ್ ಎಂಬ ಪುಟ್ಟ ಗಿಳಿಗಳಿಗೆಂದು ಕಳೆದ ತಿಂಗಳು ಬಡಾವಣೆಯ ಅಂಗಡಿಯೊಂದರಿಂದ ಅರ್ಧ ಕಿಲೋ ಮಿಶ್ರ ಬೀಜದ ಪೊಟ್ಟಣವನ್ನು 350 ರೂಪಾಯಿಗೆ ತಂದೆ. ಅದರ ಮೇಲೆ ಗಿಳಿಯ ಚಿತ್ರವಿತ್ತೇ ಹೊರತು ಪ್ಯಾಕ್ ಮಾಡಿದ ದಿನಾಂಕವಾಗಲಿ, ಒಳಗಿರುವ ಪದಾರ್ಥಗಳ ವಿವರವಾಗಲಿ ಇರಲಿಲ್ಲ. ಅಂಗಡಿಯಲ್ಲೇ ಇದನ್ನು ಗಮನಿಸಬೇಕಿತ್ತು.

ಮೊರಕ್ಕೆ ಸುರಿದು ನೋಡಿದರೆ ಮುಕ್ಕಾಲು ಪಾಲು ಸೂರ್ಯಕಾಂತಿ ಬೀಜ ಮತ್ತು ಸಿಪ್ಪೆಸಹಿತ ಕಡಲೆಕಾಯಿ, ಉಳಿದದ್ದು ಉಪ್ಪು ಹಚ್ಚಿ ಹುರಿದ ಗೋಡಂಬಿ ಚೂರು ಮತ್ತು ಕೆಂಪು, ಹಸಿರು ಬಣ್ಣದ ಬಿಸ್ಕತ್ತಿನ ತುಣುಕುಗಳು. ಏಳೆಂಟು ಕಡಲೆಕಾಯಿ ಬಿಡಿಸಿದೆ. ಎರಡರೊಳಗಿನ ಬೀಜ ಸುಕ್ಕುಗಟ್ಟಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಪೊಟ್ಟಣವನ್ನು ಅಲ್ಲಿಗೇ ಕಟ್ಟಿಟ್ಟೆ. ಕಡಲೆಕಾಯಿಗೆ ತಗಲುವ ಆಸ್ಪರ್‌ಜಿಲಸ್ ಎಂಬ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ, ಮನೆಯಲ್ಲಿ ಹುರಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ, ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಈ ವಿಷ ಪತ್ತೆಯಾದದ್ದೇ ಹಕ್ಕಿಗಳ ಸಾವಿನಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಕಲುಷಿತ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ ಅದರ ಶೋಧ ಆರಂಭವಾಯಿತು. ಹಾಗಾಗಿ ಸಿಪ್ಪೆಸಹಿತ ಕಡಲೆಕಾಯಿಯನ್ನು ನಾನು ಹಕ್ಕಿಗೆ ಕೊಡುವುದೇ ಇಲ್ಲ.

ಇನ್ನು ಪ್ರಮಾಣದ ಮಾತು. ಕಾಕಟೀಲ್‌ನ ತೂಕ ಸುಮಾರು 90 ಗ್ರಾಂ, ಒಂದು ಬಾದಾಮಿಯದು ಒಂದು ಗ್ರಾಂಗಿಂತ ತುಸು ಹೆಚ್ಚು. ಇಡೀ ಬಾದಾಮಿಯನ್ನು ಹಕ್ಕಿಗೆ ತಿನ್ನಿಸುವುದೆಂದರೆ 60 ಕಿಲೋ ತೂಕದವರು ಒಂದೇ ಸಲಕ್ಕೆ ಮುಕ್ಕಾಲು ಕಿಲೋ ಬಾದಾಮಿ ತಿಂದಂತೆ. ಕೊಬ್ಬೇ ತುಂಬಿದ ಸೂರ್ಯಕಾಂತಿ ಬೀಜವನ್ನೇ ನಿತ್ಯದ ಆಹಾರವಾಗಿಸಿದರೆ ಹಕ್ಕಿ ಬೊಜ್ಜು ಬೆಳೆಸಿಕೊಳ್ಳುವುದಲ್ಲದೆ ‘ಎ’ ಜೀವಸತ್ವದ ಕೊರತೆಯಿಂದಲೂ ನರಳುತ್ತದೆ.

ಈಗ ನಾವು ತಿನ್ನಲೆಂದು ದಿನಸಿ ಅಂಗಡಿಯಿಂದ ತರುವ ಉಪ್ಪಿಲ್ಲದ ಬಾದಾಮಿ, ಅಕ್ರೋಟುಗಳಲ್ಲೇ ಕಾಲು ಭಾಗದಷ್ಟು ಚೂರನ್ನು, ಕಹಿಯಿಲ್ಲವೆಂದು ರುಚಿ ನೋಡಿ, ವಾರಕ್ಕೆರಡು ಬಾರಿ ಕೊಡುತ್ತೇನೆ. ಚಾಕೊಲೇಟ್, ಬೆಣ್ಣೆಹಣ್ಣು ಹಕ್ಕಿಗೆ ವಿಷ. ಅವುಗಳ ಚೂರೂ ಪಂಜರದ ಹತ್ತಿರ ಸುಳಿಯಬಾರದು. ಜೇನು ಹಚ್ಚಿ ಅಂಟಿಸಿದ ಬೀಜದ ಕಡ್ಡಿಗಳೂ ಬೇಡ.

ಪೊಟ್ಟಣವನ್ನು ಮರಳಿಸಿದಾಗ ಅಂಗಡಿಯವರು ಹಣ ಕೊಡಲಿಲ್ಲ, ಬದಲಿಗೆ ಬೇರೇನಾದರೂ ಆರಿಸಿಕೊಳ್ಳಿ ಎಂದರು. ನವಣೆ ತೆನೆಗಳ ಕಟ್ಟುಗಳನ್ನು ತೆಗೆದುಕೊಂಡೆ. ಒಣಗಿದ, ಶುಚಿಯಾದ, ಹುಳ ಬೀಳದ ತೆನೆಗಳವು. ಪಂಜರಕ್ಕೆ ಒಂದು ತುಂಡು ಕಟ್ಟಿದರೆ ಎರಡೂ ಹಕ್ಕಿಗಳು ಕಾಲಿನಲ್ಲಿ ಹಿಡಿದೆಳೆಯುತ್ತಾ ಒಂದೊಂದೇ ಕಾಳನ್ನು ಸುಲಿದು ತಿನ್ನುತ್ತವೆ, ಅರ್ಧ ಗಂಟೆ ಕದಲುವುದಿಲ್ಲ. ಆ ಅಂಗಡಿಗೆ ಈಗಲೂ ಹೋಗುವುದು ಈ ತೆನೆಗಾಗಿ ಮಾತ್ರ.